ವಿಮಾನದ ಹೊಲಕ್ಕೆ ಚೆಲ್ಲಿದ ಚರಗ

ಗೋವಾದ ಬಾಯ್ನಾದಲ್ಲಿ ನಮ್ಮ ಗುಡಿಸಲ ಸಾಲಿನ ಗಂಡಸರೆಲ್ಲ ಬಂದರಿನಲ್ಲಿ ದುಡಿಯುವವರು. ನನ್ನ ಗಂಡ ಒಬ್ಬನೇ ಗುಡ್ಡದ ಮೇಲೆ ವಿಮಾನ ಇಳಿಯುವ ಬಯಲಿನಲ್ಲಿ ದನ ಓಡಿಸುವವನು. ದನ ಮಾತ್ರವಲ್ಲ. ನಾಯಿ, ಹಂದಿ, ಮೀನಿನ ಬುಟ್ಟಿ ಹೊತ್ತ ಹೆಂಗಸರು, ಕುಡಿದವರು, ಸೈಕಲ್ಲಿನವರು, ಯಾರು ಬಂದರೂ ಓಡಿಸಬೇಕು. ಕೈಯಲ್ಲಿ ಕೆಂಪು ನಿಶಾನೆ, ಕೊರಳಲ್ಲಿ ಸೀಟಿ.

ಪಕ್ಕದ ಗುಡಿಸಲಿನವಳು ನನ್ನನ್ನು ಚೇಷ್ಟೆ ಮಾಡುತ್ತಿದ್ದಳು. "ಕಾಕು, ಅಷ್ಟು ದೊಡ್ಡ ವಿಮಾನಕ್ಕ ಒಂದು ಎಮ್ಮಿ ಏನ್ ಮಾಡತೈತ್ರಿ?"

"ನಿನ್ನ ಗಂಡನ ಸೈಕಲ್ಲಿಗಿ ಹಂದಿ ಅಡ್ಡ ಬಂತಲ್ಲ, ಆಗ ಏನಾತು? ಹಲ್ಲು ಎಷ್ಟು ಉಳದ್ವು ಎಣಿಸಿ ಬಾ ಹೋಗು" ಎಂದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ನಮ್ಮದು ಕೃಷ್ಣಾ ದಂಡೆಯ ಊರು. ಎರೆ ಹೊಲ, ಜೋಳ ಬಿತ್ತಿದರೆ ಆಳೆತ್ತರ ಬರುತ್ತಿತ್ತು. ಆಣೆಕಟ್ಟಿನ ನೀರು ಬಂತು, ಹೊಲ ಮುಳುಗಿತು. ಸರಕಾರ ಕೊಟ್ಟದ್ದು ತೆಗೆದುಕೊಂಡೆವು, ತಿಂದೆವು, ಮುಗಿಯಿತು. ಒಬ್ಬಳೇ ಮಗಳನ್ನು ಅದಕ್ಕೂ ಮೊದಲೇ ಲಗ್ನ ಮಾಡಿ ಕೊಟ್ಟಿದ್ದೆವು. ಗೋವಾ ಬೇರೆ ರಾಜ್ಯವಾದ ವರ್ಷ ನಾವಿಬ್ಬರೂ ವಾಸ್ಕೋಕ್ಕೆ ಬಂದು ಬಾಯ್ನಾದ ಮರಳಿನ ಮೇಲೆ ತಗಡು ನಿಲ್ಲಿಸಿದೆವು.

ಮೊದಲು ಅವನೂ ಬಂದರಿಗೇ ಹೋಗುತ್ತಿದ್ದ. ಕೆಂಪು ಅದಿರಿನ ಧೂಳು ಮೆತ್ತಿಕೊಂಡು ಬಂದು ಸಮುದ್ರಕ್ಕೆ ಬೆನ್ನು ಮಾಡಿ ಕೂರುತ್ತಿದ್ದ. ನೀರು ಕಂಡರೆ ಆಗುತ್ತಿರಲಿಲ್ಲ. ಮಾತು ಬಿಟ್ಟಿದ್ದ. ಊಟ ಹಾಕಿದರೆ ಉಣ್ಣುತ್ತಿದ್ದ, ಹಾಕದಿದ್ದರೆ ಕೇಳುತ್ತಿರಲಿಲ್ಲ. ಅವನು ನನ್ನ ಸೋದರಮಾವನೇ. ಸಣ್ಣವಳಿದ್ದಾಗಿನಿಂದ ಮಾಮಾ ಎಂದು ಏಕವಚನದಲ್ಲಿ ಕರೆದು ರೂಢಿ, ಲಗ್ನವಾದ ಮೇಲೂ ಅದೇ ಉಳಿಯಿತು. ಹಾಗೆ ಮಂಕು ಹಿಡಿದು ಕೂತವನನ್ನು ನೋಡಿ, ಈ ಮಳೆಗಾಲ ದಾಟುವುದಿಲ್ಲ ಇವನು, ಎಂದುಕೊಂಡಿದ್ದೆ.

ಆಮೇಲೆ ಈ ಕೆಲಸ ಸಿಕ್ಕಿತು. ಗುತ್ತಿಗೆಯವನ ಕೈಕೆಳಗಿನ ಕೆಲಸ. ಆಳುಗಳನ್ನು ನೋಡಿಕೊಳ್ಳುವ ಮುಕಾದಮ ವಾಸ್ಕೋದವನೇ, ವಯಸ್ಸಾದ ಕ್ರಿಸ್ತಾಂವ. ನಮ್ಮಂಥವರ ಜೊತೆ ದುಡಿದು ಕನ್ನಡ ಕಲಿತಿದ್ದ. ಆ ಕನ್ನಡದಲ್ಲಿ ಗಂಡು, ಹೆಣ್ಣು, ಎಮ್ಮೆ ಎಲ್ಲವೂ ಒಂದೇ. "ನಿನ್ನ ಗಂಡ ಚಲೋ ಐತಿ, ಬಾಯ್. ನಿದ್ದಿ ಮಾಡೂದಿಲ್ಲ ಅದು" ಎಂದು ನನಗೆ ಹೇಳಿದ್ದ.

ಆ ಗುಡ್ಡಕ್ಕೆ ಈ ಮಗ್ಗುಲಿಗೂ ಊರು, ಆ ಮಗ್ಗುಲಿಗೂ ಊರು. ವಿಮಾನ ಹುಟ್ಟುವ ಮೊದಲಿನಿಂದ ಜನ ಅದನ್ನು ದಾಟಿಯೇ ನಂಟರ ಮನೆಗೆ, ಇಗರ್ಜಿಯ ಪೂಜೆಗೆ ಹೋಗುತ್ತಿದ್ದರು. ನಡುವೆ ಡಾಂಬರು ಹಾಕಿ ಇದು ವಿಮಾನದ್ದು ಎಂದರೆ ಕಾಲಿಗೆ ತಿಳಿಯುವುದಿಲ್ಲ. ಸುತ್ತ ತಂತಿ ಇತ್ತು, ಆದರೆ ಗೇರು ಗಿಡಗಳ ಹಿಂದೆ ಅಲ್ಲಲ್ಲಿ ಹರಿದಿತ್ತು. ಅದಕ್ಕೇ ಇವನಂಥವರನ್ನು ನಿಲ್ಲಿಸುತ್ತಿದ್ದರು. ಸುಣ್ಣ ಬಳಿದ ಕಲ್ಲಿನ ಸಾಲು ಒಂದಿತ್ತು. ವಿಮಾನ ಬರುವ ಮುಂಚೆ ಭೋಂಗಾ ಕೂಗಿತೆಂದರೆ ಆ ಕಲ್ಲಿನಿಂದ ಆಚೆ ಒಂದು ಕೋಳಿಯೂ ಇರಕೂಡದು.

ಗೋವಾದಲ್ಲಿ ಬಾಡಿಗೆ ಮೋಟಾರ್ ಸೈಕಲ್ ಹೊಡೆಯುವವನಿಗೆ ಪೈಲಟ್ ಎನ್ನುತ್ತಾರೆ. ಅಂಥವನೊಬ್ಬ ಹಿಂದೆ ಒಬ್ಬ ಮುದುಕಿಯನ್ನು ಕೂರಿಸಿಕೊಂಡು, ಸುತ್ತಿ ಹೋಗುವುದು ಯಾರು ಎಂದು ವಿಮಾನದ ಹಾದಿಗೇ ನುಗ್ಗಿದ್ದ. ಇವನು ನಿಶಾನೆ ಅಡ್ಡ ಹಿಡಿದು ನಿಲ್ಲಿಸಿದ.

"ನಾನೂ ಪೈಲಟ್ ಅದೇನಿ ಮಾರಾಯಾ, ಬಿಡು" ಎಂದನಂತೆ ಅವನು. ಅವನೂ ನಮ್ಮ ಕಡೆಯವನೇ.

"ಹಂಗಾರ ಹಾರಿಕೋತ ಹೋಗು. ನೆಲಕ್ಕ ಗಾಲಿ ಹಚ್ಚಬ್ಯಾಡ" ಎಂದನಂತೆ ಇವನು.

ಆ ಸಂಜೆ ಮನೆಗೆ ಬಂದು ಇದನ್ನು ಹೇಳಿ ನಕ್ಕ. ಊರು ಬಿಟ್ಟ ಮೇಲೆ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ ನೋಡಿದೆ.

ಕೆಲಸಕ್ಕೆ ಸೇರುವಾಗ ಅವನ ರುಮಾಲು ಬಿಚ್ಚಿಸಿದ್ದರು. ಬಟ್ಟೆ ಗಾಳಿಗೆ ಹಾರಿದರೆ ವಿಮಾನದ ಯಂತ್ರ ಎಳೆದುಕೊಳ್ಳುತ್ತದಂತೆ. ಟೊಪ್ಪಿಗೆ ಕೊಟ್ಟರು. ರುಮಾಲಿಲ್ಲದೆ ಹೋಗುವುದೆಂದರೆ ನಮ್ಮಲ್ಲಿ ಸೂತಕದವರ ಲೆಕ್ಕ, ಆದರೂ ಅವನು ಟೊಪ್ಪಿಗೆ ಹಾಕಿಕೊಂಡ. ಬೆಳಿಗ್ಗೆ ಮೊದಲ ವಿಮಾನಕ್ಕೆ ಮುಂಚೆ ಡಾಂಬರಿನ ಉದ್ದಕ್ಕೂ ನಡೆದು ಹರಳು, ಮೊಳೆ, ಸತ್ತ ಹಕ್ಕಿ ಆರಿಸಬೇಕು. ಅದನ್ನು ಅವನಿಗೆ ಯಾರೂ ಕಲಿಸಬೇಕಾಗಲಿಲ್ಲ. ಬಿತ್ತುವ ಮೊದಲು ಹೊಲದ ಕಲ್ಲು ಆರಿಸಿದವನು ಅವನು. ಬರಬರುತ್ತ ಬಾಯಲ್ಲೂ ಹಾಗೇ ಬರತೊಡಗಿತು. "ಹೊಲಕ್ಕ ಹೋಗಿ ಬರತೇನಿ" ಎನ್ನುತ್ತಿದ್ದ.

"ಯಾವ ಹೊಲಾನೋ ಮಾಮಾ?" ಎಂದರೆ, "ವಿಮಾನದ್ದು" ಎನ್ನುತ್ತಿದ್ದ. ನಾನು ಬಿಟ್ಟೆ. ಊಟ ಕೇಳಿ ಉಣ್ಣುತ್ತಿದ್ದನಲ್ಲ, ಅಷ್ಟು ಸಾಕಾಗಿತ್ತು.

ಮಳೆ ನಿಂತ ಮೇಲೆ ಅಲ್ಲಿ ಹುಲ್ಲು ಎದೆಮಟ್ಟ ಬೆಳೆಯುತ್ತದೆ. ಅದರಲ್ಲಿ ಹಾವು, ಮೊಲ, ಕುಡಿದು ಮಲಗಿದವರು, ಏನೂ ಕಾಣುವುದಿಲ್ಲ. ಕೊಯ್ಯಲು ಹೆಂಗಸರ ಗುಂಪು ಬೇಕಾಯಿತು. ಮುಕಾದಮ ನನ್ನನ್ನೂ ಸೇರಿಸಿದ. ಕೊರಳಿಗೆ ಒಂದು ತಗಡಿನ ಬಿಲ್ಲೆ. ಬಿಲ್ಲೆ ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ನಾವೆಲ್ಲ ವಿಜಾಪುರ, ಬಾಗಲಕೋಟೆ ಕಡೆಯವರು. ಕುಡುಗೋಲು ಹಿಡಿದು ಸಾಲಾಗಿ ಕೂತರೆ ಜೋಳದ ಸುಗ್ಗಿಗೆ ಕೂತ ಹಾಗೆಯೇ. ಭೋಂಗಾ ಕೂಗಿದರೆ ಎದ್ದು ಬಿಳಿ ಕಲ್ಲಿನಿಂದ ಈಚೆ ಬಂದು ಕೂರುವುದು, ವಿಮಾನ ಹೋದ ಮೇಲೆ ಮತ್ತೆ ಕೊಯ್ಯುವುದು. ದೂರದಲ್ಲಿ ಅವನು ನಿಶಾನೆ ಹಿಡಿದು ನಿಂತಿರುತ್ತಿದ್ದ, ಬೆದರುಗೊಂಬೆಯ ಹಾಗೆ. ಆ ಎರಡು ವರ್ಷ ಚಲೋ ಹೋದವು. ಅದಕ್ಕಿಂತ ಹೆಚ್ಚಿಗೆ ಹೇಳಲು ನನಗೆ ಬರುವುದಿಲ್ಲ.

ಆಮೇಲೆ ಎಳ್ಳಮಾವಾಸ್ಯೆ ಬಂತು.

ನಮ್ಮ ಕಡೆ ಅಂದು ಬೆಳೆದು ನಿಂತ ಹೊಲಕ್ಕೆ ಉಣ್ಣಿಸುತ್ತಾರೆ. ಸಜ್ಜೆ ಕಡುಬು, ಎಣಗಾಯಿ, ಕಾಳಿನ ಪಲ್ಯ, ಅನ್ನ, ಎಲ್ಲ ಕಲಸಿ ಹೊಲದ ನಾಲ್ಕು ಮೂಲೆಗೂ ಚೆಲ್ಲುತ್ತಾರೆ. ಅದಕ್ಕೇ ಚರಗ ಎನ್ನುವುದು. ಭೂಮಿತಾಯಿ ಬಸುರಿ, ಅವಳ ಬಯಕೆಯ ಊಟ ಅದು. ಮುಂದೆ ಚೆಲ್ಲುವವನು "ಹುಲ್ಲುಲ್ಲಿಗೋ" ಎಂದು ಕೂಗಬೇಕು, ಹಿಂದೆ ನೀರು ಚಿಮುಕಿಸುತ್ತ ಬರುವವರು "ಚೆಲ್ಲಂಬರಿಗೋ" ಎನ್ನಬೇಕು. ಅರ್ಥ ಯಾರಿಗೂ ಗೊತ್ತಿಲ್ಲ, ಕೂಗದೆ ಬಿಟ್ಟವರೂ ಇಲ್ಲ. ಗೋವಾಕ್ಕೆ ಬಂದ ಮೇಲೆ ನಾವು ಆ ಹಬ್ಬ ಮಾಡಿರಲಿಲ್ಲ. ಹೊಲವಿಲ್ಲದವರಿಗೆ ಎಂಥ ಎಳ್ಳಮಾವಾಸ್ಯೆ.

ಆ ವರ್ಷ ಹಿಂದಿನ ದಿನ ಅವನೇ ಕೇಳಿದ. "ನಾಳಿಗಿ ಕಡಬು ಮಾಡತಿ ಏನು?"

"ಯಾಕ, ಬಾಯಿ ಕೆಟ್ಟೈತೇನು?"

"ಮಾಡ ಸುಮ್ನ."

ಮಾಡಿದೆ. ಖುಷಿಯಿಂದಲೇ ಮಾಡಿದೆ. ಬುತ್ತಿ ಕಟ್ಟಿಕೊಂಡು ಹೋದ, ನಾಲ್ಕು ಜನರೊಡನೆ ಹಂಚಿ ಉಣ್ಣುತ್ತಾನೆ ಎಂದುಕೊಂಡೆ.

ಚಳಿಗಾಲದಲ್ಲಿ ಹುಲ್ಲು ಒಣಗಿ ನಿಂತಿರುತ್ತದೆ. ಬೆಂಕಿ ಬಿದ್ದೀತೆಂದು ಅದನ್ನು ಕೊಯ್ಯುತ್ತಿದ್ದೆವು. ವಿಮಾನ ಬರಲು ಇನ್ನೂ ಹೊತ್ತಿತ್ತು. ತಲೆ ತಗ್ಗಿಸಿ ಕೊಯ್ಯುತ್ತಿರುವಾಗ ಬಯಲಿನ ಆ ತುದಿಯಿಂದ ಕೂಗು ಕೇಳಿತು.

"ಹುಲ್ಲುಲ್ಲಿಗೋ!"

ನಮ್ಮ ಸಾಲಿನ ಹೆಂಗಸರೆಲ್ಲ ಒಂದೇ ಬಾಯಿಂದ "ಚೆಲ್ಲಂಬರಿಗೋ!" ಎಂದರು. ಕುಡುಗೋಲು ಕೈಯಲ್ಲೇ ಇತ್ತು, ತಲೆ ಎತ್ತಿರಲಿಲ್ಲ. ನಾನೂ ಅಂದೆ. ಯೋಚನೆ ಮಾಡಿ ಅಂದದ್ದಲ್ಲ, ಸೀನು ಬಂದ ಹಾಗೆ ಬಂತು. ಒಬ್ಬಳು ಬಾಯಿಗೆ ಸೆರಗು ಇಟ್ಟುಕೊಂಡು ನಗತೊಡಗಿದಳು.

"ಯವ್ವಾ, ನಿನ್ನ ಗಂಡ ವಿಮಾನಕ್ಕ ಚರಗ ಚೆಲ್ಲಾಕತ್ಯಾನಲ್ಲ! ಮುಂದಿನ ವರ್ಷ ಮರಿ ಹಾಕತೈತಿ ತಗೊ ಅದು!"

ಎದ್ದು ನೋಡಿದೆ. ನಿಶಾನೆಯನ್ನು ನೆಲಕ್ಕೆ ನೆಟ್ಟು, ಟೊಪ್ಪಿಗೆ ತೆಗೆದು, ತಲೆಗೆ ಟವಲು ಸುತ್ತಿಕೊಂಡಿದ್ದ. ಬುತ್ತಿ ಬಿಚ್ಚಿ ಹಿಡಿದು ಡಾಂಬರಿನ ಅಂಚಿನ ಹುಲ್ಲಿನ ಗುಂಟ ಚೆಲ್ಲುತ್ತ ನಡೆಯುತ್ತಿದ್ದ. ನಾನು ಓಡಿದೆ.

"ಮಾಮಾ, ಇಲ್ಲಿ ಬ್ಯಾಡೋ. ಬಿಡು."

"ಆತು, ಒಂದು ಮೂಲಿ ಉಳದೈತಿ" ಎಂದ. ಮುಖ ನೋಡಿದೆ. ಊರಿನ ಮುಖ ಅದು, ನೀರು ಬರುವ ಮೊದಲಿನದು. ಹೇಗೆ ಹಿಡಿದು ಎಳೆಯಲಿ? ಉಳಿದ ಮೂಲೆಗೂ ಚೆಲ್ಲಿಯೇ ಬಂದ.

ಮೊದಲು ಕಾಗೆ ಬಂದವು. ಆಮೇಲೆ ಬಂದರಿನ ಮೀನಿನ ಕಡೆಯಿಂದ ಹದ್ದುಗಳು. ಗೋವಾದ ಹದ್ದು ಕೋಳಿಗಿಂತ ಧೈರ್ಯದ್ದು, ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಬಯಲಿನ ಮೇಲೆ ಸುತ್ತು ಹಾಕುತ್ತ ಇಳಿಯುತ್ತಿದ್ದವು, ಏಳುತ್ತಿದ್ದವು. ಆಗ ಭೋಂಗಾ ಕೂಗಿತು. ಅವನಿಗೆ ಅದು ಕೇಳಿತು ನೋಡಿ, ತಲೆಗೆ ಯಾರೋ ಹೊಡೆದ ಹಾಗೆ ನಿಂತ. ಟವಲು ಕಿತ್ತು ಬೀಸುತ್ತ ಹಕ್ಕಿಗಳ ಹಿಂದೆ ಓಡಿದ. ಒಂದು ಕಡೆಯಿಂದ ಎಬ್ಬಿಸಿದರೆ ಇನ್ನೊಂದು ಕಡೆ ಕೂರುತ್ತಿದ್ದವು. ನಾಲ್ಕೂ ಮೂಲೆಗೆ ಚೆಲ್ಲಿದ್ದನಲ್ಲ.

ಬಿಳಿಯ ಜನ ತುಂಬಿಕೊಂಡು ಬರುವ ದೊಡ್ಡ ವಿಮಾನ. ಗಾಲಿ ಬಿಚ್ಚಿಕೊಂಡು ಕೆಳಗೆ ಬಂದದ್ದು, ನಮ್ಮ ತಲೆಯ ಮೇಲೆಯೇ ಗುಡುಗಿ ಮತ್ತೆ ಎದ್ದು ಸಮುದ್ರದ ಕಡೆ ಹೋಯಿತು. ಜೀಪಿನಲ್ಲಿ ಬಂದವರು ಪಟಾಕಿ ಹೊಡೆದು ಹಕ್ಕಿ ಓಡಿಸಿದರು, ಚೆಲ್ಲಿದ್ದನ್ನು ಬಾಚಿದರು. ಸುತ್ತು ಹಾಕಿ ಬಂದ ವಿಮಾನ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ.

ಸಾಹೇಬನ ಮುಂದೆ ಇವನನ್ನು ನಿಲ್ಲಿಸಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಸಾಹೇಬ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಅವನು ಹಿಂದಿಯಲ್ಲಿ ಕೇಳಿದ, ಮುಕಾದಮ ಕನ್ನಡದಲ್ಲಿ ಹೇಳಿದ.

"ಹಕ್ಕಿ ಬರ್ತದ ಅಂತ ನಿಂಗ ಗೊತ್ತಿತ್ತು, ಇಲ್ಲ?"

"ಗೊತ್ತಿತ್ರಿ. ದಿನಾ ಸತ್ತ ಹಕ್ಕಿ ಆರಸ್ತೇನ್ರಿ. ಆ ಹೊತ್ತಿಗಿ ನೆಪ್ಪಾಗಲಿಲ್ರಿ."

"ಯಾಕ ಚೆಲ್ಲಿತು?"

"ಹೊಲಕ್ಕ ಚರಗ ಚೆಲ್ಲಬೇಕ್ರಿ ಇವತ್ತ."

ಸಾಹೇಬ ಒಂದು ಮಾತು ಕೇಳಿದ. ಮುಕಾದಮ ನನ್ನ ಕಡೆ ನೋಡಿ ಆಮೇಲೆ ಹೇಳಿದ. "ಯಾರ ಹೊಲ ಅಂತ ಕೇಳ್ತದ."

ಇವನು ಸೀಟಿ ಬಿಚ್ಚಿ ಮೇಜಿನ ಮೇಲೆ ಇಟ್ಟ. ಬಿಲ್ಲೆ ಇಟ್ಟ. ಟೊಪ್ಪಿಗೆ ಇಟ್ಟ. ಹೊರಗೆ ಬಂದ.

ಕೆಲಸ ಬಿಡಿಸಿದ್ದಕ್ಕೆ ಸಾಹೇಬನದು ತಪ್ಪು ಎಂದು ನಾನು ಹೇಳುವುದಿಲ್ಲ. ವಿಮಾನದಲ್ಲಿ ಕೂತವರಿಗೂ ಮಕ್ಕಳು ಮರಿ ಇರುತ್ತವೆ. ನನ್ನ ಬಿಲ್ಲೆಯನ್ನು ಮುಕಾದಮ ಕೈಕಾಲು ಹಿಡಿದು ಉಳಿಸಿಕೊಟ್ಟ. ಇವನ ಜಾಗಕ್ಕೆ ಪಕ್ಕದ ಗುಡಿಸಲಿನವನನ್ನು ನಿಲ್ಲಿಸಿದರು, ಅದೇ ಹಂದಿಗೆ ಬಿದ್ದು ಹಲ್ಲು ಕಳಕೊಂಡವನು. ಅವನಿಗೆ ನನ್ನ ಗಂಡನೆಂದರೆ ಕಾಕಾ, ಸ್ವಂತ ಕಾಕಾನಿಗಿಂತ ಹೆಚ್ಚು.

ಇವನು ಮತ್ತೆ ಬಂದರಿಗೆ ಹೋಗಲಿಲ್ಲ. ನಾನು ದುಡಿಯುತ್ತಿದ್ದೆ, ಹೋಗು ಎಂದೂ ಅನ್ನಲಿಲ್ಲ. ಸಂಜೆ ನಾನು ಬಂದರೆ, "ಆ ಕಡೀ ಹುಲ್ಲು ಕೊಯ್ದ್ರೇನು? ಅಂಚಿನಾಗ ಕಲ್ಲು ಬಾಳ ಏಳತಾವ, ಆರಸಾಕತ್ಯಾನೋ ಇಲ್ಲೋ ಅಂವಾ?" ಎಂದು ಕೇಳುತ್ತಿದ್ದ. ಆರಿಸುತ್ತಾನೆ ಎನ್ನುತ್ತಿದ್ದೆ.

ಅವನು ನಂಬಲಿಲ್ಲ. ಒಂದು ದಿನ ಪಕ್ಕದವನು ಕೆಲಸ ಮುಗಿಸಿ ನೇರ ನಮ್ಮ ಬಾಗಿಲಿಗೇ ಬಂದ. ಕೂರು ಎಂದರೆ ಕೂರಲಿಲ್ಲ.

"ಕಾಕು, ಕಾಕಾ ಒಳಗ ಬರಾಕತ್ಯಾನ್ರಿ."

"ಎಲ್ಲಿಂದ?"

"ಗೇರು ಗಿಡದ ಹಿಂದ ತಂತಿ ಹರದೈತಲ್ರಿ, ಅಲ್ಲಿಂದ. ಬೆಳಿಗ್ಗೆ ಬರತಾನ, ಕಲ್ಲು ಆರಸ್ತಾನ, ಹೋಗತಾನ. ನಾ ಸೀಟಿ ಊದಿದ್ರ, ಚಲೋ ಊದು, ದಮ್ಮು ಸಾಲೂದಿಲ್ಲ ಅಂತಾನ. ನಾ ಏನ್ ಮಾಡಲ್ರಿ? ಕಾಕಾಗ ಕಲ್ಲು ಒಗೀಲೇನ್ರಿ?" ಅವನ ಕಣ್ಣಲ್ಲಿ ನೀರಿತ್ತು. "ಯಾರರ ನೋಡಿದ್ರ ನನ್ನ ಕೆಲಸಾನೂ ಹೊಕ್ಕೈತಿ, ಕಾಕಾನೂ ಜೇಲಿಗಿ ಹೊಕ್ಕಾನ. ವಿಮಾನ ಬಂದು ಬಡದ್ರ?"

ನನ್ನ ಗಂಡ ಒಳಗೇ ಕೂತು ಎಲ್ಲ ಕೇಳುತ್ತಿದ್ದ. ಪಕ್ಕದವನು ಹೋದ ಮೇಲೆ ಕೇಳಿದೆ. "ಖರೇನ?"

"ಅಂವಗ ಕಣ್ಣು ಸೂಕ್ಷ್ಮ ಇಲ್ಲ. ಒಂದು ಮೊಳಿ ಬಿಟ್ಟಿದ್ದ" ಎಂದ. ಅಂಗಿಯ ಕಿಸೆಯಿಂದ ಆ ಮೊಳೆ ತೆಗೆದು ತೋರಿಸಿದ.

ಬೈದೆ. ನನಗೆ ಬರುವ ಬೈಗುಳ ಎಲ್ಲ ಬೈದೆ. ಸತ್ತರೆ ಹೊರಲು ನಾಲ್ಕು ಜನ ಸಿಗದ ಊರಿದು ಎಂದೆ. ಆಣೆ ಹಾಕು ಎಂದರೆ ಹಾಕಲಿಲ್ಲ. ಬೆಳಿಗ್ಗೆ ಎದ್ದು ಮತ್ತೆ ಹೋದ.

ಮಳೆಗಾಲ ಶುರುವಾಗುವ ಮುಂಚೆ ಹರಿದ ಕಡೆಗಳನ್ನೆಲ್ಲ ಮುಳ್ಳಿನಿಂದ ಮುಚ್ಚಲು ಹುಕುಂ ಬಂತು. ಹೊಸ ತಂತಿ ಬರುವವರೆಗೆ ಮುಳ್ಳು. ಆ ಕೆಲಸ ನಮ್ಮ ಹೆಂಗಸರಿಗೇ ಬಂತು. ಗೇರು ಗಿಡದ ಹಿಂದಿನದನ್ನು ಯಾರು ಮುಚ್ಚುತ್ತೀರಿ ಎಂದು ಮುಕಾದಮ ಕೇಳಿದಾಗ ಎಲ್ಲರೂ ನೆಲ ನೋಡಿದರು. ಅಲ್ಲಿಂದ ಯಾರು ಬರುತ್ತಾನೆಂದು ಎಲ್ಲರಿಗೂ ಗೊತ್ತಿತ್ತು.

"ನಾ ಮುಚ್ಚತೇನಿ" ಎಂದೆ.

ಹಿಂದಿನ ದಿನ ಹೊರಗಡೆ ಬಾರಿ, ಕವಳಿ, ಇಂಥ ಮುಳ್ಳಿನ ಕಂಟಿ ಕಡಿದು ಒಟ್ಟಿದ್ದರು. ನಾನು ಒಳಗಿನಿಂದ ಹೋಗಿ ನೋಡಿದರೆ ಆ ರಾಶಿಯ ಪಕ್ಕದಲ್ಲಿ ಅವನು ಕೂತಿದ್ದ. ಒಳಗೆ ಬಂದು ಹೊರಗೆ ಹೋಗಿದ್ದನೋ, ಇನ್ನೂ ಬರಬೇಕಿತ್ತೋ, ನಾನು ಕೇಳಲಿಲ್ಲ. ನಡುವೆ ಹರಿದ ತಂತಿ, ಒಂದು ಎತ್ತು ನುಗ್ಗುವಷ್ಟು ಕಂಡಿ. ವಿಮಾನ ಇಳಿಯುವ ತುದಿ ಅದು, ಬಿಳಿ ಕಲ್ಲಿನ ಆಚೆ.

"ನೀನ ಬಂದ್ಯಾ?" ಎಂದ.

"ನಾನ ಬಂದೆ."

ಕೈ ಚಾಚಿ ಒಂದು ಕಂಟಿ ಎಳೆದು ಕಂಡಿಗೆ ಅಡ್ಡ ಒಗೆದೆ. ಇನ್ನೊಂದು ಎಳೆದೆ. ಅವನು ನೋಡುತ್ತ ಕೂತಿದ್ದ. ಸ್ವಲ್ಪ ಹೊತ್ತಿಗೆ ಎದ್ದ. ಒಳಗೆ ಬರುತ್ತಾನೆ ಎಂದುಕೊಂಡು ಕುಡುಗೋಲು ಗಟ್ಟಿ ಹಿಡಿದೆ. ಗಂಡನ ಮೇಲೆ ಎತ್ತುತ್ತಿದ್ದೆನೋ ಇಲ್ಲವೋ ನನಗೆ ಗೊತ್ತಿಲ್ಲ.

"ಹಂಗಲ್ಲ ಬೇಲಿ ಹಚ್ಚೂದು" ಎಂದ. "ಅಡ್ಡ ಒಗದ್ರ ಆಡಿನ ಮರೀನೂ ನುಗ್ಗತೈತಿ. ತಗಿ ಅದನ್ನ. ಬುಡಾ ನಿನ್ನ ಕಡೆ ಮಾಡು, ತುದಿ ನನ್ನ ಕಡೆ."

ಅವನೇ ಕಂಟಿ ಎತ್ತಿ ಬುಡ ಮುಂದೆ ಮಾಡಿ ಕಂಡಿಯಲ್ಲಿ ತೂರಿಸಿದ. ನಾನು ಹಿಡಿದು ಎಳೆದೆ. "ಮ್ಯಾಲ ಕಾಲಿಟ್ಟು ತುಳಿ. ಚಪ್ಪಲಿ ಕಾಲಿಲೆ ತುಳಿ. ಈಗ ಇನ್ನೊಂದು." ಹಾಗೆ ಒಂದರ ಮೇಲೊಂದು. ಕವಲುಗೋಲಿನಿಂದ ಒತ್ತು ಎಂದ, ಒತ್ತಿದೆ. ಊರಲ್ಲಿ ಸುಗ್ಗಿಗೆ ಮುಂಚೆ ಹೀಗೇ ಇಬ್ಬರೂ ಬೇಲಿ ಹಚ್ಚುತ್ತಿದ್ದೆವು, ಆದರೆ ಅಲ್ಲಿ ಇಬ್ಬರೂ ಒಳಗೇ ಇರುತ್ತಿದ್ದೆವು.

ಮೊದಲು ಅವನ ಕಾಲು ಕಾಣದಾಯಿತು. ಆಮೇಲೆ ಸೊಂಟ. ಎದೆ. ಕೊನೆಗೆ ಒಂದು ಕಂಟಿ ಹಿಡಿಸುವಷ್ಟು ಜಾಗ ಉಳಿದು ಅದರಲ್ಲಿ ಮುಖ ಇತ್ತು. ಕೈಯೆಲ್ಲ ಗೀರಿ ರಕ್ತ ಬಂದಿತ್ತು ಇಬ್ಬರಿಗೂ. ಆ ಕಂಟಿಯನ್ನೂ ಅವನೇ ತೂರಿಸಿದ.

"ಎಳಿ" ಎಂದ.

ನಾನು ಬುಡ ಹಿಡಿದು ನಿಂತೆ. ಎಳೆಯಲಿಲ್ಲ.

"ಎಳಿ, ಭೋಂಗಾ ಆಗೂ ಹೊತ್ತಾತು. ನೀ ಕಲ್ಲಿನ ಆಚೆ ಅದಿ."

ಎಳೆದೆ. ಮುಳ್ಳಿನ ಹಿಂದೆ ಅವನು ನಡೆದು ಹೋದ ಸಪ್ಪಳ ಕೇಳಿತು, ಒಣ ಎಲೆಯ ಮೇಲೆ. ಭೋಂಗಾ ಕೂಗಿತು. ನಾನು ಓಡಿ ಈಚೆ ಬಂದು ಉಳಿದವರ ಜೊತೆ ಕೂತೆ. ಮುಕಾದಮ ನೀರು ತಂದು ಕೊಟ್ಟ.

ಅಂದಿನಿಂದ ಅವನು ಗುಡ್ಡದ ಕಡೆ ಹೋಗಲಿಲ್ಲ. ಹುಲ್ಲಿನ ಸುದ್ದಿ ಕೇಳಲಿಲ್ಲ. ಮೊದಲಿನ ಹಾಗೆ ಸಮುದ್ರಕ್ಕೆ ಬೆನ್ನು ಮಾಡಿ ಕೂತ. ವಿಮಾನ ತಲೆಯ ಮೇಲೆ ಹೋದರೂ ನೋಡುತ್ತಿರಲಿಲ್ಲ. ಎಳ್ಳಮಾವಾಸ್ಯೆಗೆ ಕಡುಬು ಮಾಡಿ ಇಟ್ಟರೆ ಒಂದು ತುತ್ತು ತಿಂದು ತಟ್ಟೆ ಸರಿಸಿದ. ನಾನು ಮಾಡಿದ್ದು ಸರಿ. ಇವತ್ತು ಅದೇ ಕಂಡಿಯ ಮುಂದೆ ನಿಲ್ಲಿಸಿದರೂ ಅದನ್ನೇ ಮಾಡುತ್ತೇನೆ. ಸರಿಯಾದದ್ದು ಮಾಡಿದರೆ ಎದೆ ಹಗುರಾಗುತ್ತದೆ ಎಂದು ಯಾರಾದರೂ ಹೇಳಿದರೆ ಮಾತ್ರ ಅವರಿಗೆ ಏನೂ ಗೊತ್ತಿಲ್ಲ.

ಕೆಲವು ಮಳೆಗಾಲ ಕಳೆದ ಮೇಲೆ ಕೆಮ್ಮು ಹಿಡಿಯಿತು. ಪಕ್ಕದವನೇ ಬೆನ್ನ ಮೇಲೆ ಹೊತ್ತು ದವಾಖಾನೆಗೆ ಒಯ್ದ, ತಂದ. ಮನೆಗೆ ಒಯ್ಯಿರಿ ಎಂದಿದ್ದರು. ಅಷ್ಟು ಹೊತ್ತಿಗೆ ಗುಡ್ಡದ ಮೇಲೆ ಸುತ್ತಲೂ ಕಲ್ಲಿನ ಗೋಡೆ ಎದ್ದಿತ್ತು. ನಮ್ಮ ಮುಳ್ಳನ್ನೆಲ್ಲ ಕಿತ್ತು, ಒಟ್ಟಿ, ಬೆಂಕಿ ಹಚ್ಚಿದ್ದರು. ಅದು ಉರಿಯುವುದನ್ನು ನಾನೇ ನಿಂತು ನೋಡಿ ಬಂದಿದ್ದೆ.

ಗಂಜಿ ಕುಡಿಸುವಾಗ ಅವನು ಕೈ ಹಿಡಿದು ತಡೆದ.

"ಬೇಲಿ ಗಟ್ಟಿ ಐತೇನು?"

"ಐತಿ" ಎಂದೆ.

"ಯಾರೂ ನುಗ್ಗಿಲ್ಲ?"

"ಯಾರೂ ನುಗ್ಗಿಲ್ಲೋ ಮಾಮಾ."

"ಹಂಗಾರ ಚಲೋ ಆತು" ಎಂದು ಬಾಯಿ ತೆರೆದ. ಉಳಿದ ಗಂಜಿ ಹಾಕಿದೆ.